ಖಾಲಿ ಕೊಕ್ಕೆ

ಎಡಗೈ ತಾನಾಗಿಯೇ ಕಿಟಕಿಯ ಗಾಜು ಸರಿಸಲು ಹೋಯಿತು. ಅಲ್ಲಿ ಕಿಟಕಿ ಇರಲಿಲ್ಲ. ಬೆರಳ ಗೆಣ್ಣು ತಗಡಿನ ಗೋಡೆಗೆ ಬಡಿದು ಟಣ್ ಎಂದಿತು. ಹಿಂದಿನ ಮೇಜಿನಲ್ಲಿ ಕೂತಿದ್ದ ಎಂಜಿನಿಯರ್ ಹುಡುಗಿ ತಲೆಯೆತ್ತಿ ನೋಡಿದಳು.

"ಏನಾದ್ರೂ ಬೇಕಿತ್ತಾ ಅಣ್ಣ?"

"ಏನಿಲ್ಲ ಮೇಡಂ. ಗಾಳಿ ಹೇಗಿದೆ ನೋಡೋಣ ಅಂತ."

"ಅದು ಇಲ್ಲೇ ತೋರಿಸುತ್ತಲ್ಲ," ಎಂದು ಅವಳು ಪರದೆಯ ಮೂಲೆಯಲ್ಲಿದ್ದ ಹಸಿರು ಅಂಕಿಯ ಕಡೆ ಪೆನ್ನು ಚಾಚಿದಳು.

ತೋರಿಸುತ್ತಿತ್ತು, ಸುಳ್ಳಲ್ಲ. ಆಪರೇಟರ್ ತಲೆಯಾಡಿಸಿ, ಪೆಟ್ಟಾದ ಬೆರಳನ್ನು ತೊಡೆಗೆ ಉಜ್ಜಿಕೊಂಡು, ಕಬ್ಬಿಣದ ಸರಳುಗಳ ಕಟ್ಟನ್ನು ಮೇಲಿನ ಅಂತಸ್ತಿಗೆ ಏರಿಸುವ ಕೆಲಸಕ್ಕೆ ಮರಳಿದ. ಸರಳುಗಳು ಹೊರಗೆ ಬಿಸಿಲಲ್ಲಿ ಏರುತ್ತಿದ್ದವು. ಅವನು ಒಳಗೆ, ತಗಡಿನ ಡಬ್ಬದಂಥ ಕೋಣೆಯಲ್ಲಿ, ತಣ್ಣನೆಯ ಗಾಳಿ ಊದುವ ಯಂತ್ರದ ಕೆಳಗೆ, ನಾಲ್ಕು ಪರದೆಗಳ ಮುಂದೆ ಕೂತು ಅವನ್ನು ಏರಿಸುತ್ತಿದ್ದ. ಕ್ರೇನಿನ ನೆತ್ತಿಯಲ್ಲಿದ್ದ ಅವನ ಗಾಜಿನ ಗೂಡು ಈಗ ಖಾಲಿ. ಅವನ ಹಳೆಯ ಮೆತ್ತೆ, ಗಾಜಿಗೆ ಅಂಟಿಸಿದ್ದ ಪುಟ್ಟ ಕನ್ನಡಿ, ನೀರಿನ ಬಾಟಲಿ ಎಲ್ಲವೂ ಇನ್ನೂ ಅಲ್ಲೇ ಇದ್ದವು. ತರಲೆಂದು ಯಾರು ಅಷ್ಟು ಮೆಟ್ಟಿಲು ಹತ್ತುತ್ತಾರೆ?

ಅರ್ಧ ಆಯಸ್ಸನ್ನು ಅವನು ಅಂಥ ಗೂಡುಗಳಲ್ಲೇ ಕಳೆದಿದ್ದ. ಊರು ಬದಲಾಗುತ್ತಿತ್ತು, ಸೈಟು ಬದಲಾಗುತ್ತಿತ್ತು, ಗೂಡು ಅದೇ. ಈ ಸೈಟಿನಲ್ಲಿ ಮಾತ್ರ ಅರ್ಧ ಕಟ್ಟಡ ಎದ್ದ ಮೇಲೆ ಕಂಪನಿಯವರು ಬಂದು ಕ್ರೇನಿನ ಮೈತುಂಬ ಕ್ಯಾಮೆರಾ ಕೂರಿಸಿದರು. ನೆಲದ ಮೇಲೆ ಈ ಕೋಣೆ ತಂದಿಟ್ಟರು. "ಇನ್ಮೇಲೆ ಯಾರೂ ಜೀವ ಕೈಯಲ್ಲಿ ಹಿಡ್ಕೊಂಡು ಹತ್ತೋದು ಬೇಡ," ಎಂದು ಸೈಟಿನ ದೊಡ್ಡವರು ಎಲ್ಲರೆದುರು ಅವನ ಬೆನ್ನು ತಟ್ಟಿದರು. ಅದರಲ್ಲಿ ದೂರುವಂಥದ್ದು ಏನೂ ಇರಲಿಲ್ಲ. ಮಂಡಿ ನೋವು ಕಡಿಮೆಯಾಗಿತ್ತು. ಬಿಸಿಲಿಗೆ ಸುಟ್ಟು ಹೋಗಿದ್ದ ಎಡಗೆನ್ನೆ ಬಲಗೆನ್ನೆಯ ಬಣ್ಣಕ್ಕೆ ತಿರುಗುತ್ತಿತ್ತು.

"ನಿಂದು ಬಿಡಪ್ಪ, ರಾಜಯೋಗ," ಎನ್ನುತ್ತಿದ್ದ ಗಿಳಿ. ಗಿಳಿ ಎಂದರೆ ಕೆಳಗೆ ನಿಂತು ವಾಕಿಟಾಕಿಯಲ್ಲಿ ಕ್ರೇನಿಗೆ ದಾರಿ ಹೇಳುವ ಸಿಗ್ನಲ್‌ನವನು. ಬಾಯಿ ಮುಚ್ಚದೆ ಮಾತಾಡುತ್ತಾನೆಂದು ಬಿದ್ದ ಹೆಸರು. "ಮೇಲಿದ್ದಾಗ ಒಂದು ಲೋಟ ನೀರು ಕುಡಿಯೋಕೂ ಹತ್ತು ಸಲ ಯೋಚನೆ ಮಾಡ್ತಿದ್ದೆ. ಈಗ ನೋಡು, ಕೈ ಚಾಚಿದ್ರೆ ಕಕ್ಕಸು."

"ಹತ್ತಿರ ಇದೆ ಅಂತ ಗೊತ್ತಾದ ಮೇಲೆ ಬರೋದೇ ನಿಂತೋಗಿದೆ."

"ಅದೂ ಮೇಲೇ ಕೂತಿರ್ಬೇಕು, ನಿನ್ನ ಮೆತ್ತೆ ಮೇಲೆ." ಗಿಳಿ ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ಗಂಭೀರನಾದ. "ನಿನಗೆ ಕ್ಯಾಮೆರಾ ಬಂತು. ಮುಂದಿನ ಸರದಿ ನಂದು. ಹುಕ್ಕಿಗೇ ಕಣ್ಣಿಟ್ಟ ಮೇಲೆ ನನ್ನ ಬಾಯಿ ಯಾರಿಗೆ ಬೇಕು?"

ಅವರು ಕಟ್ಟುತ್ತಿದ್ದದ್ದು ಮಾತು ಕೇಳುವ ಮನೆಗಳನ್ನು. ಮಾದರಿಗೆಂದು ಕೆಳಗಿನ ಅಂತಸ್ತಿನಲ್ಲಿ ಒಂದನ್ನು ಪೂರ್ತಿ ಸಿಂಗರಿಸಿ ಇಟ್ಟಿದ್ದರು. ಗಿಳಿ ಅದನ್ನು ಹೊಕ್ಕು ನೋಡಿ ಬಂದಿದ್ದ. ದೀಪ ಹಾಕು ಎಂದರೆ ಹಾಕುತ್ತದೆ, ಪರದೆ ಸರಿಸು ಎಂದರೆ ಸರಿಸುತ್ತದೆ, ನೀರು ಕಾಯಿಸು ಎಂದರೆ ಕಾಯಿಸುತ್ತದೆ. "ನನ್ನ ಹೆಂಡತಿಗೆ ಮೂರು ಸಲ ಹೇಳಿದ್ರೂ ಒಂದು ಲೋಟ ಟೀ ಬರಲ್ಲ. ಇಲ್ಲಿ ಗೋಡೆಗೆ ಹೇಳಿದ್ರೆ ಆಗುತ್ತೆ."

"ಬಾಯಿ ಇಲ್ಲದವರು ಏನ್ಮಾಡಬೇಕಂತೆ?" ಎಂದು ಆಪರೇಟರ್ ಸುಮ್ಮನೆ ಕೇಳಿದ. ಗಿಳಿ ನಾಲಿಗೆ ಕಚ್ಚಿಕೊಂಡು, ಬೀಡಿ ಹುಡುಕುವವನಂತೆ ಜೇಬು ತಡವಿಕೊಂಡ.

ಆಪರೇಟರನ ಹೆಂಡತಿ ಹಿಂದೆ ಮಾತಿನ ಮಲ್ಲಿ. ಮೂರು ಮನೆಯ ಮಾತನ್ನು ಒಬ್ಬಳೇ ಆಡುವವಳು. ತರಕಾರಿಯವನ ಜೊತೆ ಚೌಕಾಸಿ ಶುರುಮಾಡಿ ಅವನ ಮಗಳ ಬಾಣಂತನದವರೆಗೆ ಹೋಗಿ ನಿಲ್ಲುತ್ತಿದ್ದಳು. ಗಂಟಲಲ್ಲಿ ಗಂಟು ಎದ್ದಿತು. ಡಾಕ್ಟರು ಜೀವ ಉಳಿಸಿದರು, ದನಿ ಉಳಿಸಲಾಗಲಿಲ್ಲ. ಈಗ ಕೊರಳ ಬುಡದಲ್ಲಿ ಬೆರಳು ಹೋಗುವಷ್ಟು ಒಂದು ತೂತು, ಉಸಿರಾಟವೆಲ್ಲ ಅಲ್ಲಿಂದಲೇ. ಅದರ ಮೇಲೆ ಯಾವಾಗಲೂ ಒಂದು ತೆಳು ಹತ್ತಿಬಟ್ಟೆ. ಅಕ್ಕ ಫೋನು ಮಾಡಿದಾಗ ಅಕ್ಕನೇ ಮಾತಾಡುತ್ತಾಳೆ. ಇವಳು ಬಳೆಯಿಂದ ಫೋನಿಗೆ ತಟ್ಟುತ್ತಾಳೆ: ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ. ಅಕ್ಕ ಅಳಲು ಶುರುಮಾಡಿದರೆ ತಟಪಟ ತಟಪಟ.

ಗಂಡನಿಗೆ ಮಾತ್ರ ತುಟಿ ಓದಲು ಬರುತ್ತಿತ್ತು. 'ರೀ' ಎನ್ನುವಾಗ ಅವಳ ತುಟಿಗಳು ಅಗಲವಾಗುತ್ತಿದ್ದವು. ದನಿಯಿಲ್ಲದ್ದರಿಂದ ಅದು ನಕ್ಕ ಹಾಗೇ ಕಾಣುತ್ತಿತ್ತು. ದಿನಕ್ಕೆ ಎಷ್ಟೋ ಸಲ ಅವಳು ಅವನನ್ನು ಕರೆಯುತ್ತಿದ್ದಳು, ಅಷ್ಟು ಸಲವೂ ಅವನಿಗೆ ಒಂದು ನಗು ಸಿಕ್ಕಿದಂತಾಗುತ್ತಿತ್ತು.

ದೂರದಿಂದ ತುಟಿ ಓದಲಾಗುವುದಿಲ್ಲವಲ್ಲ. ಅದಕ್ಕೇ ಆಸ್ಪತ್ರೆಯ ಮಂಚದ ಪಕ್ಕ ಕೂತು ಅವನು ಅವಳಿಗೆ ಕ್ರೇನಿನ ಸನ್ನೆಗಳನ್ನು ಕಲಿಸಿದ್ದ. ಬೇಸರ ಕಳೆಯಲೆಂದು ಶುರುವಾದದ್ದು. ತೋರುಬೆರಳು ಮೇಲೆ ಮಾಡಿ ತಿರುಗಿಸಿದರೆ ಎತ್ತು. ಹೆಬ್ಬೆರಳು ಕೆಳಗೆ ಮಾಡಿದರೆ ಇಳಿಸು. ಒಂದು ಅಂಗೈ ಇನ್ನೊಂದು ಕೈಯ ಮುಂದೆ ಹಿಡಿದರೆ ನಿಧಾನ. ಎರಡೂ ತೋಳು ಅಗಲಕ್ಕೆ ಚಾಚಿ ಬೀಸಿದರೆ, ಇದ್ದದ್ದನ್ನು ಇದ್ದಲ್ಲೇ ನಿಲ್ಲಿಸು, ಅಪಾಯ. ಅವಳು ಎರಡೇ ದಿನದಲ್ಲಿ ಎಲ್ಲ ಕಲಿತಳು. ಮಂಚದ ತಲೆಯ ಕಡೆ ಎತ್ತರ ಮಾಡಿದ್ದ ನರ್ಸಿಗೆ ಹೆಬ್ಬೆರಳು ಕೆಳಗೆ ಮಾಡಿ ತೋರಿಸಿದಳು. ನರ್ಸು, ಏನೋ ಇಷ್ಟವಾಗಲಿಲ್ಲವೆಂದುಕೊಂಡು ಊಟ ಬದಲಾಯಿಸಿದಳು. ಗಂಡ ಹೆಂಡತಿ ಆ ದಿನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಒಬ್ಬ ಸದ್ದು ಮಾಡಿ, ಒಬ್ಬಳು ಸದ್ದಿಲ್ಲದೆ.

ಆಮೇಲೆ ಅವರ ಮನೆ ಹುಡುಕುವ ರೀತಿಯೇ ಬದಲಾಯಿತು. ಹೊಸ ಸೈಟಿಗೆ ಹೋದಾಗ ಉಳಿದವರು ಬ್ರೋಕರನನ್ನು ಹುಡುಕಿದರೆ ಇವನು ಮೊದಲು ಕ್ರೇನು ಹತ್ತುತ್ತಿದ್ದ. ಗೂಡಿನಲ್ಲಿ ಕೂತು ಸುತ್ತಲಿನ ತಾರಸಿಗಳನ್ನೆಲ್ಲ ಒಂದೊಂದಾಗಿ ನೋಡಿ, ಇದು ಸರಿಯಾಗಿ ಕಾಣುತ್ತದೆ ಎನಿಸಿದ ಮನೆಯನ್ನು ಗುರುತಿಟ್ಟುಕೊಂಡು, ಇಳಿದು ಹೋಗಿ ಬಾಗಿಲು ತಟ್ಟುತ್ತಿದ್ದ. "ಬಾಡಿಗೆಗೆ ಕೊಡ್ತೀವಂತ ನಿಮಗ್ಯಾರು ಹೇಳಿದ್ದು?" ಎಂದು ಮನೆಯವರು ಬೆರಗಾಗುತ್ತಿದ್ದರು. ಸಿಗುವ ಕೋಣೆಗಳು ಹೇಳಿಕೊಳ್ಳುವಂಥವಲ್ಲ. ಈಗಿನದಂತೂ ಮೂರನೆಯ ಮಹಡಿಯಲ್ಲಿ ಒಂದೇ ಒಂದು ಕೋಣೆ. ನೀರು ಬಿಟ್ಟರೆ ಬಂತು, ಬಿಡದಿದ್ದರೆ ಇಲ್ಲ. ಬೇಸಿಗೆಯಲ್ಲಿ ಕಾವಲಿಯ ಹಾಗೆ ಕಾಯುತ್ತದೆ. ಆದರೆ ತಾರಸಿ ಗೂಡಿಗೆ ಎದುರು. ಅವಳು ಉಸಿರು ಹಿಡಿದುಕೊಂಡು ಮೆಟ್ಟಿಲು ಹತ್ತಿ, ಕೋಣೆ ನೋಡಿ ಮೂಗು ಮುರಿದು, ತಾರಸಿಗೆ ಹೋಗಿ ಕ್ರೇನು ನೋಡಿ, ಆಗಲಿ ಎಂದು ತಲೆಯಾಡಿಸಿದ್ದಳು.

ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಅವನು ಗೂಡಿನಲ್ಲೇ ಡಬ್ಬಿ ಬಿಚ್ಚುತ್ತಿದ್ದ. ಅದೇ ಹೊತ್ತಿಗೆ ಅವಳು ಒಗೆದ ಬಟ್ಟೆಯ ಬಕೆಟ್ಟು ಹಿಡಿದು ತಾರಸಿಗೆ ಬರುತ್ತಿದ್ದಳು. ಹೆಬ್ಬೆರಳು ಕೆಳಗೆ: ಇವತ್ತು ಬೇಗ ಇಳಿದು ಬನ್ನಿ. ನಿಧಾನ: ಗಾಳಿ ಜೋರಿದೆ, ಹುಷಾರು. ಬೆರಳು ಮೇಲೆ ಮಾಡಿ ತಿರುಗಿಸಿ, ಆಮೇಲೆ ಕೈಯನ್ನು ಬಾಯಿಗೆ ಒಯ್ದರೆ: ಊಟ ಹೇಗಿದೆ. ಅವನು ಖಾಲಿ ಕೊಕ್ಕೆಯನ್ನು ಎರಡು ಮಾರು ಇಳಿಸಿ, ಎತ್ತಿ, ಮತ್ತೆ ಇಳಿಸುತ್ತಿದ್ದ. ಅಷ್ಟು ದೊಡ್ಡ ಕ್ರೇನು ತಲೆದೂಗಿದ ಹಾಗೆ. ಅದು ಅವನ ಉತ್ತರ. ಅವಳು ಅಪಾಯದ ಸನ್ನೆ ಮಾಡಿದ್ದು ಒಂದೇ ಸಲ, ಹಿಂದಿನ ಸೈಟಿನಲ್ಲಿ, ಪಕ್ಕದ ಮರದ ಜೇನು ಎದ್ದಾಗ. ಅವನು ನೇತಾಡುತ್ತಿದ್ದ ಭಾರವನ್ನು ನೆಲಕ್ಕಿಟ್ಟು, ಅಷ್ಟೂ ಮೆಟ್ಟಿಲು ಇಳಿದು, ಹೆಲ್ಮೆಟ್ಟಿನಲ್ಲೇ ಓಡಿ ಬಂದಿದ್ದ. ಆ ದಿನ ಸೈಟಿನಲ್ಲಿ ತಿಂದ ಬೈಗುಳವನ್ನು ಅವಳಿಗೆ ಹೇಳಿರಲಿಲ್ಲ. ಹೇಳದಿದ್ದರೂ ಅವಳಿಗೆ ಗೊತ್ತಿತ್ತು.

ನೆಲಕ್ಕೆ ಇಳಿದ ಮೊದಲ ದಿನ ಸಂಜೆ ಅವನು ಹೇಳಬೇಕೆಂದೇ ಮನೆಗೆ ಹೋದ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಬಾಗಿಲಲ್ಲೇ, ಇವತ್ತು ಹುಕ್ಕು ಆಡಿಸಲಿಲ್ಲ ಯಾಕೆ, ಎಂದು ತುಟಿಯಲ್ಲಿ ಕೇಳಿದಳು.

"ಹೊಸ ಕಂಪ್ಯೂಟರ್ ಹಾಕಿದ್ದಾರೆ ಕಣೆ. ಭಾರ ಇಲ್ದೆ ಸುಮ್ನೆ ಆಡಿಸಿದ್ರೆ ಕೆಂಪು ಗೆರೆ ಬೀಳುತ್ತೆ. ಯಾಕೆ ಆಡಿಸ್ದೆ ಅಂತ ಅದೇ ಕೇಳುತ್ತೆ."

ಅದು ನಿಜವೇ ಆಗಿತ್ತು. ಕೆಂಪು ಗೆರೆಗಳು ಮೇಲಿನ ಆಫೀಸಿಗೆ ಹೋಗುತ್ತಿದ್ದವು. ಎರಡು ಕ್ರೇನಿಗೆ ಒಬ್ಬನೇ ಆಪರೇಟರ್ ಸಾಕು ಎಂಬ ಮಾತೂ ಓಡಾಡುತ್ತಿತ್ತು. ಉಳಿಯುವವನು ಯಾರೆಂದು ಆ ಗೆರೆಗಳೇ ಹೇಳುತ್ತವೆ ಎನ್ನುತ್ತಿದ್ದರು. ಆದರೆ ನಿಜದ ಇನ್ನರ್ಧ ಗಂಟಲಲ್ಲೇ ಉಳಿಯಿತು. ಯಾಕೆಂದರೆ ಅವಳು ಅಷ್ಟಕ್ಕೇ ಸಮಾಧಾನಗೊಂಡು, ತನ್ನ ಎರಡು ಬೆರಳನ್ನು ಕಣ್ಣ ಹತ್ತಿರ ತಂದು, ಆಮೇಲೆ ಎದೆ ಮುಟ್ಟಿ ತೋರಿಸಿದಳು. ನೀವು ಆಡಿಸುವುದೇನೂ ಬೇಡ, ನೋಡುತ್ತಿರಿ, ಸಾಕು. ಅಂಥ ಹೊತ್ತಿನಲ್ಲಿ, ನೋಡಲು ಮೇಲೆ ನಾನಿಲ್ಲ ಎಂದು ಹೇಗೆ ಹೇಳುವುದು? ಈ ಮೂರು ಮಹಡಿ, ಈ ಕಾದ ಕೋಣೆ, ಇವೆಲ್ಲ ಯಾತಕ್ಕೆಂದು ಅವಳು ಕೇಳದಿದ್ದರೂ ಅವನಿಗೇ ಕೇಳಿಸಿತು. ನಾಳೆ ಹೇಳೋಣ ಎಂದುಕೊಂಡ. ನಾಳೆಗೆ ಹೇಳುವುದು ಇನ್ನಷ್ಟು ಕಷ್ಟವಾಗಿತ್ತು. ವಾರ ಕಳೆಯುವಷ್ಟರಲ್ಲಿ ಅದು ಹೇಳಬಹುದಾದ ಮಾತಾಗಿಯೇ ಉಳಿದಿರಲಿಲ್ಲ.

ಸಂಜೆಗಳು ಪರೀಕ್ಷೆಯಂತಾದವು. ಮಧ್ಯಾಹ್ನ ಅವಳು ಏನು ತೋರಿಸಿರಬಹುದೆಂದು ಅವನು ಊಹಿಸಬೇಕಿತ್ತು. ಮೋಡ ಕವಿದಿದ್ದರೆ, ಹುಷಾರು ಎಂದಿರುತ್ತಾಳೆ. ಅಕ್ಕ ಫೋನು ಮಾಡುವ ದಿನವಾದರೆ, ಬೇಗ ಬನ್ನಿ ಎಂದಿರುತ್ತಾಳೆ. ಒಂದು ಸಂಜೆ ಅವಳು ಬರಿಗೈ ನೋಡಿ ಹುಬ್ಬೇರಿಸಿದಳು; ಏನೋ ತರಲು ಹೇಳಿದ್ದಳೆಂದು ಅವನಿಗೆ ಹೊಳೆಯಿತು. "ಅಂಗಡಿ ಮುಚ್ಚಿತ್ತು," ಎಂದ. ಅವಳು ನಂಬಿದಳು. ನಂಬುವುದರಲ್ಲಿ ಅವಳು ಹಿಂದೆಂದೂ ಜಿಪುಣತನ ಮಾಡಿದವಳಲ್ಲ.

ಒಮ್ಮೆ ಅವನು ಎಂಜಿನಿಯರ್ ಹುಡುಗಿಯನ್ನು ಕೇಳಿಯೂ ನೋಡಿದ. ಮೂರನೆಯ ಪರದೆಯಲ್ಲಿ ಕ್ರೇನಿನ ಉದ್ದ ತೋಳಿನ ತುದಿಯಿಂದ ದೂರದವರೆಗೆ ಕಾಣುತ್ತಿತ್ತು. ಸೈಟು, ಸೈಟಿನ ಗೋಡೆ, ರಸ್ತೆ ಎಲ್ಲ ಸ್ಪಷ್ಟ. ರಸ್ತೆಯಾಚೆ ಮಾತ್ರ ಮನೆಗಳಿರಬೇಕಾದ ಕಡೆ ಒಂದು ದೊಡ್ಡ ಬೂದು ಚೌಕ.

"ಇದು ಹಾಳಾಗಿದೆಯಾ ಮೇಡಂ?"

"ಹಾಳಾಗಿಲ್ಲ ಅಣ್ಣ, ಬೇಕಂತಲೇ ಮುಚ್ಚಿರೋದು. ಅಕ್ಕಪಕ್ಕದ ಮನೆಯವರು ಬಟ್ಟೆ ಒಣಗಿಸ್ತಿರ್ತಾರೆ, ಕೂದಲು ಬಾಚ್ಕೊಳ್ತಿರ್ತಾರೆ. ನಾವು ನೋಡ್ತಾ ಕೂತ್ರೆ ಸರಿನಾ? ಸಾಫ್ಟ್‌ವೇರೇ ಮುಚ್ಚಿಬಿಡುತ್ತೆ."

"ಸ್ವಲ್ಪ ತೆಗೆಯೋಕಾಗಲ್ವಾ? ಒಂದೇ ಒಂದು ಮನೆ?"

ಅವಳು ಅವನ ಮುಖ ನೋಡಿದಳು. ಒಳ್ಳೆಯ ಹುಡುಗಿ, ಆದರೂ ಅವನ ವಯಸ್ಸಿನ ಗಂಡಸು ಯಾರ ಮನೆಯ ತಾರಸಿ ನೋಡಬೇಕೆಂದು ಹೀಗೆ ಕೇಳುತ್ತಿದ್ದಾನೋ ಎಂದು ಅವಳ ಕಣ್ಣಲ್ಲಿ ಒಂದು ಕ್ಷಣ ಸುಳಿದು ಹೋಯಿತು. "ನನ್ನ ಕೈಯಲ್ಲಿಲ್ಲ ಅಣ್ಣ," ಎಂದಳು. ನನ್ನದೇ ಮನೆ ಎಂದು ಹೇಳಲು ಅವನಿಗೆ ನಾಚಿಕೆಯಾಯಿತು. ಮತ್ತೆ ಕೇಳಲಿಲ್ಲ.

ತಾರಸಿಯ ಬಾಗಿಲಿಗೆ ಒಂದು ಚಾಳಿ ಇತ್ತು. ತಗಡಿನ ಬಾಗಿಲು, ಗಾಳಿಗೆ ದಡಾರನೆ ಹಾಕಿಕೊಂಡರೆ ಮೆಟ್ಟಿಲ ಕಡೆಯ ಚಿಲಕ ತಾನಾಗಿ ಬೀಳುತ್ತಿತ್ತು. ಆಚೆಯಿಂದ ತೆಗೆಯಲು ಬರುತ್ತಿರಲಿಲ್ಲ. ಅವಳು ಯಾವಾಗಲೂ ಒಂದು ಇಟ್ಟಿಗೆಯನ್ನು ಅಡ್ಡ ಇಟ್ಟುಕೊಂಡೇ ಹೋಗುತ್ತಿದ್ದಳು. ಅವನು ಪ್ರತಿ ಭಾನುವಾರ ಅದನ್ನು ಸರಿಮಾಡಲಿದ್ದ. ಒಂದು ದಿನ ಸಂಜೆ ಹಾರ್ಡ್‌ವೇರ್ ಅಂಗಡಿಯ ಮುಂದೆ ಹಾದು ಬರುವಾಗ ಚಿಲಕ ನೆನಪಾಯಿತು. ಭಾನುವಾರ ನೋಡೋಣ ಎಂದು ಮುಂದೆ ನಡೆದ.

ಕೋಣೆಯ ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ಒಲೆ ತಣ್ಣಗಿತ್ತು. ಅವಳ ಫೋನು ಕಿಟಕಿಯ ಮೇಲೆ, ಅವಳ ಊಟದ ತಟ್ಟೆ ಮುಚ್ಚಿಟ್ಟಲ್ಲೇ ಇತ್ತು. "ಎಲ್ಲಿದ್ದೀಯೇ?" ಎಂದು ಅಭ್ಯಾಸಬಲದಿಂದ ಕೂಗಿದ. ಕೂಗಿದ್ದಕ್ಕೆ ಓ ಎನ್ನಲಾಗದವಳನ್ನು ಕೂಗಿ ಏನು ಪ್ರಯೋಜನವೆಂದು ಹೊಳೆದ ಗಳಿಗೆಯಲ್ಲೇ ತಾರಸಿಯ ಬಾಗಿಲೂ ಹೊಳೆಯಿತು. ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಚಿಲಕ ಬಿದ್ದಿತ್ತು. ಅದನ್ನು ಎತ್ತಿ ಬಾಗಿಲು ತೆರೆದಾಗ, ಗಾಳಿಗೆ ಜಾರಿದ ಇಟ್ಟಿಗೆ ಹೊಸ್ತಿಲಾಚೆ ಬಿದ್ದಿತ್ತು.

ಅವಳು ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದಳು. ನೆರಳು ಸರಿದ ಹಾಗೆಲ್ಲ ಅವಳೂ ಸರಿದಿರಬೇಕು. ಟ್ಯಾಂಕಿನ ಒಂದು ಪಕ್ಕದಿಂದ ಇನ್ನೊಂದು ಪಕ್ಕದವರೆಗೆ ಧೂಳಿನಲ್ಲಿ ಸೀರೆ ಎಳೆದ ಗುರುತಿತ್ತು. ಒಂದು ಒದ್ದೆ ಬೆಡ್‌ಶೀಟನ್ನು ತಲೆಯ ಮೇಲೆ ಹೊದ್ದಿದ್ದಳು, ಅದೂ ಒಣಗಿ ಗರಿಗರಿಯಾಗಿತ್ತು. ಕೊರಳ ಬಟ್ಟೆಗೆ ಧೂಳು ಮೆತ್ತಿ, ಅದರ ಹಿಂದೆ ಉಸಿರು ಸಿಳ್ಳೆಯ ಹಾಗೆ ಕೇಳುತ್ತಿತ್ತು. ಅವನನ್ನು ಕಂಡವಳೇ ಒಡೆದ ತುಟಿಗಳನ್ನು ಅಗಲಿಸಿದಳು. ರೀ.

ಅವನು ನೀರು ತಂದು ಕುಡಿಸಿದ. ಕೊರಳ ಬಟ್ಟೆ ಬದಲಿಸಿದ. ಅವಳು ಒಂದಿಷ್ಟು ಕೆಮ್ಮಿ, ಸುಧಾರಿಸಿಕೊಂಡು, ಕೈ ಎತ್ತಿ ಕ್ರೇನನ್ನು ತೋರಿಸಿದಳು. ಮುಳುಗುವ ಬಿಸಿಲಿಗೆ ಗೂಡಿನ ಗಾಜು ಫಳಫಳಿಸುತ್ತಿತ್ತು. ಅಲ್ಲಿ ಒಳಗೆ ಮನುಷ್ಯನಿದ್ದಾನೋ ಇಲ್ಲವೋ ಇಲ್ಲಿಂದ ಯಾರಿಗೂ ತಿಳಿಯುವಂತಿರಲಿಲ್ಲ. ಅವಳು ಎರಡೂ ತೋಳುಗಳನ್ನು ಅರ್ಧ ಚಾಚಿ, ಆಯಾಸದಿಂದ ಇಳಿಬಿಟ್ಟಳು. ಮಾಡಿದ್ದೆ, ಎಂದಳು ತುಟಿಯಲ್ಲಿ. ತುಂಬಾ ಹೊತ್ತು ಮಾಡಿದೆ.

"ಯಾರನ್ನಾದ್ರೂ ಕರೀಬೇಕಿತ್ತು. ಬಕೆಟ್ಟು ಬಡೀಬೇಕಿತ್ತು. ಕೆಳಗೆ ಏನಾದ್ರೂ ಎಸೀಬೇಕಿತ್ತು. ದಾರೀಲಿ ಯಾರೂ ಇರಲಿಲ್ವಾ?"

ಅವಳು ಅವನನ್ನು ವಿಚಿತ್ರವಾಗಿ ನೋಡಿದಳು. ಇದ್ದರು, ಎಂದಳು. ಒಬ್ಬ ಸೈಕಲ್ಲಿನವನು ಹೋದ. ಆ ಮೇಲೆ ಶಾಲೆಯ ಮಕ್ಕಳು. ನಿಮಗೆ ಹೇಳಿಯಾಗಿತ್ತಲ್ಲ.

ನಿಮಗೆ ಹೇಳಿಯಾಗಿತ್ತಲ್ಲ. ಅವಳು ಹೇಳಿ, ಬಂದು ನೆರಳಲ್ಲಿ ಕೂತಿದ್ದಳು. ಅಷ್ಟೇ. ಭಾರ ಇಳಿಸಬೇಕು, ಮೆಟ್ಟಿಲು ಇಳಿಯಬೇಕು, ರಸ್ತೆ ದಾಟಬೇಕು, ಹೊತ್ತು ಹಿಡಿಯುತ್ತದೆ, ಬರುತ್ತಾನೆ. ಅದೇ ಹೊತ್ತಿನಲ್ಲಿ ಅವನು ಶೆಡ್ಡಿನ ತಂಪಿನಲ್ಲಿ ಡಬ್ಬಿ ಬಿಚ್ಚಿಕೊಂಡು ಗಿಳಿಯ ಯಾವುದೋ ಮಾತಿಗೆ ನೆತ್ತಿಗೇರುವಷ್ಟು ನಕ್ಕಿದ್ದ.

ಈಗ ಅವಳು ಅವನ ಮುಖ ಓದುತ್ತಿದ್ದಳು. ಅವನ ಕೈ ಹಿಡಿದು, ತನ್ನ ಮುಷ್ಟಿಯನ್ನು ಗಾಳಿಯಲ್ಲಿ ನೇತುಬಿಟ್ಟಳು. ಹುಬ್ಬಿನಲ್ಲಿ ಪ್ರಶ್ನೆ. ಭಾರ ನೇತಾಡುತ್ತಿತ್ತಾ? ಬಿಟ್ಟು ಬರಲಾಗಲಿಲ್ಲವಾ?

ಮಧ್ಯಾಹ್ನವೆಲ್ಲ ಟ್ಯಾಂಕಿನ ಸುತ್ತ ನೆರಳಿನ ಜೊತೆ ಸರಿಯುತ್ತ ಅವಳು ಕಂಡುಕೊಂಡ ಉತ್ತರ ಅದು. ಅವನ ಪರವಾಗಿ ಅವನಿಗಿಂತ ಮೊದಲೇ ಯೋಚಿಸಿಟ್ಟಿದ್ದಳು. ಅವನು ತಲೆಯಾಡಿಸಿದರೆ ಸಾಕಿತ್ತು. ಹೌದು ಕಣೆ, ಭಾರೀ ಲೋಡು, ನಡುದಾರಿಯಲ್ಲಿತ್ತು, ಎಂದರೆ ಮುಗಿಯಿತು. ಅವಳು ಎದ್ದು ಅಡುಗೆಗೆ ಹೋಗುತ್ತಿದ್ದಳು. ಅವನ ಕುತ್ತಿಗೆ ಅರ್ಧ ಬಾಗಿಯೂ ಬಾಗಿತು.

"ನಾನು ಮೇಲಿರಲಿಲ್ಲ," ಎಂದ.

ಅವಳು ಅರ್ಥವಾಗದೆ ನೋಡಿದಳು.

"ಇವತ್ತು ಮಾತ್ರ ಅಲ್ಲ. ಇಷ್ಟು ದಿನದಿಂದ್ಲೂ ಇಲ್ಲ. ಕೆಳಗೆ ಒಂದು ರೂಮಲ್ಲಿ ಕೂರಿಸಿದ್ದಾರೆ. ಟಿವಿ ನೋಡ್ಕೊಂಡು ನಡೆಸೋದು. ಅಲ್ಲಿಂದ ಏನೂ ಕಾಣಲ್ಲ. ಹುಕ್ಕು ಆಡಿಸೋದು ನಿಂತ ದಿನದಿಂದ."

ಅವಳು ಗೂಡಿನ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು. ಅವಳ ಕಣ್ಣು ಹಿಂದಿನ ದಿನಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿರುವುದು ಅವನಿಗೆ ಕಾಣುತ್ತಿತ್ತು: ಮೋಡದ ದಿನ, ಗಾಳಿಯ ದಿನ, ಅಂಗಡಿ ಮುಚ್ಚಿದ್ದ ದಿನ. ಹೊಸ ಸೀರೆ ಉಟ್ಟು ಬಂದು ಒಂದು ಸುತ್ತು ತಿರುಗಿ ತೋರಿಸಿದ ದಿನವೊಂದೂ ಅದರಲ್ಲಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಎಂದಿಗೂ ಗೊತ್ತಾಗಲಿಲ್ಲ. ಅವಳು ಎದ್ದು, ಹಗ್ಗದ ಮೇಲಿನ ಬಟ್ಟೆಗಳನ್ನು ತೆಗೆದು, ಒಂದೊಂದನ್ನೂ ಮಡಿಸಿ ಬಕೆಟ್ಟಿಗಿಟ್ಟುಕೊಂಡು ಕೆಳಗೆ ಹೋದಳು. ಇಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.

ಆ ಮೇಲೆ ಜಗಳವೇನೂ ಆಗಲಿಲ್ಲ. ಜಗಳವಾಡಲು ಅವಳ ಹತ್ತಿರ ಇದ್ದದ್ದು ಕೈಗಳು ಮಾತ್ರ, ಅವನ್ನು ಅವಳು ಕೆಲಸಕ್ಕೆ ಹಚ್ಚಿದ್ದಳು. ಊಟ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ಡಬ್ಬಿ ಕಟ್ಟಿರುತ್ತಿತ್ತು. ಬಟ್ಟೆಗಳನ್ನು ಕೋಣೆಯೊಳಗೇ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಒಣಗಿಸತೊಡಗಿದಳು. ಅವನು ಒದ್ದೆ ತೋಳುಗಳ ಕೆಳಗೆ ಬಗ್ಗಿ ಬಗ್ಗಿ ಓಡಾಡಿದ. ಏನಾದರೂ ಬೇಕಿದ್ದರೆ ಅವಳು ಬಂದು ಭುಜ ತಟ್ಟುತ್ತಿದ್ದಳು. ತುಟಿ ಅಗಲಿಸಿ ಕರೆಯುತ್ತಿರಲಿಲ್ಲ. ಮಾತಿಲ್ಲದವಳು ಮಾತು ಬಿಟ್ಟರೆ ಮನೆ ಎಷ್ಟು ನಿಶ್ಶಬ್ದವಾಗುತ್ತದೆಂದು ಅವನಿಗೆ ಆಗ ತಿಳಿಯಿತು. ಅಕ್ಕನ ಫೋನು ಬಂದಾಗ ಬಳೆಯ ಟಕ್ ಸದ್ದಿಗೆ ಅವನು ಕಿವಿಗೊಟ್ಟು ಕೂತಿರುತ್ತಿದ್ದ. ಚೆನ್ನಾಗಿದ್ದೀಯಾ ಎಂದು ಅಕ್ಕ ಕೇಳಿದ್ದಿರಬೇಕು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಸಲ ತಟ್ಟಿದಳು.

ಭಾನುವಾರ ಅವನು ತಾರಸಿಯ ಬಾಗಿಲಿಗೆ ಹೊಸ ಚಿಲಕ ಹಾಕಿದ. ಎರಡೂ ಕಡೆಯಿಂದ ತೆಗೆಯಬಹುದಾದದ್ದು. "ಬಂದು ನೋಡೇ," ಎಂದು ಕರೆದ. ಅವಳು ಮೆಟ್ಟಿಲ ಬುಡದವರೆಗೆ ಬಂದು, ಅವನು ತೆಗೆದು ಹಾಕಿ ತೋರಿಸಿದ್ದನ್ನು ನೋಡಿ, ಒಳಗೆ ಹೋದಳು.

"ಗೋಡೆ ಹತ್ರ ಮಾತಾಡೋದು ಕಲಿತೆಯಾ ಹೇಗೆ?" ಎಂದು ಗಿಳಿ ಕೇಳಿದ. "ನನ್ನ ಹತ್ರ ಬಾಯೇ ಬಿಡ್ತಿಲ್ಲ."

"ನೀನು ಬಿಡೋಕೆ ಜಾಗ ಕೊಟ್ರೆ ತಾನೆ."

"ಕೊಟ್ಟೆ ತಗೋ. ಹೇಳು."

ಆಪರೇಟರ್ ಡಬ್ಬಿಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟ. ಗಿಳಿ ತನ್ನ ಡಬ್ಬಿಯಿಂದ ಒಂದು ತುಂಡು ಬೆಲ್ಲವನ್ನು ಅವನ ಮುಚ್ಚಳಕ್ಕೆ ಹಾಕಿದ.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ತಾರಸಿಯ ಮೆಟ್ಟಿಲ ಬುಡದಲ್ಲಿ ನೆನೆಹಾಕಿದ ಬಟ್ಟೆಯ ಬಕೆಟ್ಟು ಕಂಡಿತು. ಕೋಣೆಯೊಳಗಿನ ಹಗ್ಗ ಬಿಚ್ಚಿ ಸುತ್ತಿಟ್ಟಿತ್ತು. ಹಗ್ಗ ಕೊಳೆಯಾಗಿದೆಯೆಂದು ಬಿಚ್ಚಿದಳೋ, ಬೇರೆ ಕಟ್ಟಲೆಂದೋ. ಕೇಳಬೇಕೆನಿಸಿತು. ಅವಳು ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು. ಅವನು ಚಪ್ಪಲಿ ಹಾಕಿಕೊಂಡು ಇಳಿದ.

ಮಧ್ಯಾಹ್ನ ಗಂಟೆ ಹೊಡೆಯಿತು. ಕೆಲಸದವರು ಶೆಡ್ಡಿನ ಕಡೆ ನಡೆದರು, ಎಂಜಿನಿಯರ್ ಹುಡುಗಿ ಕೈ ತೊಳೆಯಲು ಹೋದಳು. ಆಪರೇಟರ್ ಡಬ್ಬಿ ಬಿಚ್ಚಲಿಲ್ಲ. ಕೊಕ್ಕೆ ಖಾಲಿ ಇದೆಯೆಂದು ನೋಡಿಕೊಂಡು, ಕೆಳಗೆ ಯಾರೂ ಇಲ್ಲವೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು, ಸೈಟಿನ ಗೋಡೆ ದಾಟದಷ್ಟು ಕ್ರೇನಿನ ತೋಳನ್ನು ತಿರುಗಿಸಿದ. ಮೂರನೆಯ ಪರದೆಯಲ್ಲಿ ರಸ್ತೆ ಸರಿಯಿತು, ಬೂದು ಚೌಕ ನಡುವಿಗೆ ಬಂದು ನಿಂತಿತು. ಅದರೊಳಗೆ ಎಲ್ಲೋ ಒಂದು ಟ್ಯಾಂಕು, ಒಂದು ಹಗ್ಗ. ಇದ್ದರೆ, ಒಬ್ಬ ಹೆಂಗಸು.

ಕೊಕ್ಕೆಯನ್ನು ಎರಡು ಮಾರು ಇಳಿಸಿದ. ಎತ್ತಿದ. ಮತ್ತೆ ಇಳಿಸಿದ.

ಪರದೆಯ ಅಂಚಿನಲ್ಲಿ ಕೆಂಪು ಗೆರೆ ಎದ್ದಿತು. ಒಂದು ಚೌಕಟ್ಟು ತೆರೆದುಕೊಂಡಿತು: ಭಾರವಿಲ್ಲದ ಚಲನೆ, ಕಾರಣ ಆರಿಸಿ. ಕೆಳಗೆ ಆರಿಸಿಕೊಳ್ಳಲು ನಾಲ್ಕು ಸಾಲು. ಪರೀಕ್ಷೆ. ದುರಸ್ತಿ. ಗಾಳಿ. ಇತರೆ. ಅವನು ಅದನ್ನು ಓದಿ, ಕೊಕ್ಕೆಯನ್ನು ಇನ್ನೊಂದು ಸಲ ಎತ್ತಿ ಇಳಿಸಿದ. ಎರಡನೆಯ ಗೆರೆ ಬಂತು.

"ಏನಣ್ಣ ಇದು?" ಹುಡುಗಿ ಒದ್ದೆ ಕೈ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. "ಏನು ಎತ್ತುತ್ತಿದ್ದೀರಿ?"

"ಏನಿಲ್ಲ ಮೇಡಂ."

ಅವಳು ಗೆರೆಗಳನ್ನು ನೋಡಿದಳು, ತೋಳು ತಿರುಗಿದ ದಿಕ್ಕನ್ನು ನೋಡಿದಳು, ಬೂದು ಚೌಕವನ್ನು ನೋಡಿದಳು. ದನಿ ತಗ್ಗಿಸಿ ಕೇಳಿದಳು, "ಆ ಕಡೆ ಯಾರಿದ್ದಾರೆ ಅಣ್ಣ?"

"ನಮ್ಮನೆ." ಅವನು ಸನ್ನೆಕೋಲಿನಿಂದ ಕೈ ತೆಗೆಯಲಿಲ್ಲ. "ಇದ್ದಾಳೋ ಇಲ್ವೋ ಗೊತ್ತಿಲ್ಲ."

ಹುಡುಗಿ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಕಾರಣ ಕೇಳುವ ಚೌಕಟ್ಟು ಹಾಗೇ ತೆರೆದಿತ್ತು. ಇಬ್ಬರೂ ಅದನ್ನು ಮುಟ್ಟಲಿಲ್ಲ. ನಾಲ್ಕನೆಯ ಪರದೆಯಲ್ಲಿ, ನೇರ ಕೆಳಗೆ ನೋಡುವ ಕ್ಯಾಮೆರಾದಲ್ಲಿ, ಬಿಸಿಲಿಗೆ ಬೆಳ್ಳಗಾದ ಕಾಂಕ್ರೀಟಿನ ಮೇಲೆ ಖಾಲಿ ಕೊಕ್ಕೆಯ ನೆರಳು ಅತ್ತಿತ್ತ ತೂಗುತ್ತಿತ್ತು. ತೂಗುವುದು ನಿಲ್ಲುವವರೆಗೆ ಅವನು ನೋಡುತ್ತ ಕೂತಿದ್ದ.